ಜಠರದ ಕ್ಯಾನ್ಸರ್‌ಗೆ ಹರ್-2 ಟೆಸ್ಟ್ ಯಾಕೆ ಮಾಡಿಸಬೇಕು?

ಸೋಮವಾರಪೇಟೆಯಿಂದ ಕೇಳಿದ್ದೀರಿ: ಅಪ್ಪನ ಜಠರದ ಕ್ಯಾನ್ಸರ್ ಹರಡಿದೆ, ಕೀಮೋಗೆ ಮೊದಲು ಈ ಟೆಸ್ಟ್ ಬೇಕೇ ಅಂತ. ಬೇಕು, ದಯವಿಟ್ಟು ಬಿಡಬೇಡಿ.

ಕೀಮೋ ವೇಗವಾಗಿ ಬೆಳೆಯುವ ಎಲ್ಲ ಜೀವಕೋಶಗಳಿಗೂ ಹೊಡೆಯುತ್ತದೆ, ಕೂದಲು ಉದುರುವುದು ಅದಕ್ಕೇ. ಟಾರ್ಗೆಟೆಡ್ ಔಷಧಿ, ಅಂದರೆ ಗುರಿಯಿಟ್ಟು ಹೊಡೆಯುವ ಔಷಧಿಗೆ, ಕ್ಯಾನ್ಸರ್ ಕೋಶದ ಮೇಲೆ ಒಂದು ಗುರುತು ಬೇಕು. ಜಠರದ ಕ್ಯಾನ್ಸರ್ ಇರುವ ಸುಮಾರು ಐದರಲ್ಲಿ ಒಬ್ಬರ ಗೆಡ್ಡೆಯಲ್ಲಿ ಹರ್-2 ಎಂಬ ಪ್ರೋಟೀನ್ ವಿಪರೀತ ಇರುತ್ತದೆ, ಅದೇ ಆ ಗುರುತು. ಟ್ರಾಸ್ಟುಜುಮಾಬ್ ಎಂಬ ಟಾರ್ಗೆಟೆಡ್ ಔಷಧಿ ಅದಕ್ಕೆ ಅಂಟಿಕೊಂಡು 'ಬೆಳೆ' ಎನ್ನುವ ಸಂದೇಶವನ್ನು ತಡೆಯುತ್ತದೆ. 2010ರಲ್ಲಿ ಪ್ರಕಟವಾದ ಟೋಗಾ ಅಧ್ಯಯನದಲ್ಲಿ ಕೀಮೋ ಜೊತೆ ಇದನ್ನು ಕೊಟ್ಟಾಗ ರೋಗಿಗಳ ಸರಾಸರಿ ಆಯಸ್ಸು 11.1ರಿಂದ 13.8 ತಿಂಗಳಿಗೆ ಏರಿತು. ಪೂರ್ತಿ ಗುಣ ಅಲ್ಲ, ನಿಜ. ಆದರೆ ಮನೆಯವರಿಗೆ ಆ ತಿಂಗಳುಗಳ ಬೆಲೆ ಗೊತ್ತು.

ರಿಪೋರ್ಟಿನಲ್ಲಿ 3+ ಇದ್ದರೆ ಪಾಸಿಟಿವ್, 0 ಅಥವಾ 1+ ನೆಗೆಟಿವ್. 2+ ಬಂದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗಲೇಬೇಕು. ಮೈಸೂರಿಗೋ ಬೆಂಗಳೂರಿಗೋ ಹೊರಡುವ ಮುಂಚೆ ಬಯಾಪ್ಸಿ ಮಾಡಿದ ಲ್ಯಾಬಿನಿಂದ ಗೆಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಕೇಳಿ ತಗೊಳ್ಳಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು; ಟೆಸ್ಟ್ ಮಾಡುವುದು ಅದರ ಮೇಲೆಯೇ. ಅದಿಲ್ಲದೆ ಘಾಟಿ ಇಳಿದು ಹೋಗಿ ಬರಿಗೈಲಿ ವಾಪಸ್ ಬರಬೇಕಾದೀತು. ಟ್ರಾಸ್ಟುಜುಮಾಬ್ ಹೃದಯವನ್ನು ದುರ್ಬಲ ಮಾಡಬಹುದು, ಹಾಗಾಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್ ಕೂಡ ಮಾಡಿಸುತ್ತಾರೆ.

ನೆಗೆಟಿವ್ ಬಂದರೆ ಕ್ಲಾಡಿನ್ 18.2 ಮತ್ತು ಪಿಡಿ-ಎಲ್1 ಎಂಬ ಬೇರೆ ಗುರುತುಗಳ ಪರೀಕ್ಷೆಗಳ ಬಗ್ಗೆ ಡಾಕ್ಟರನ್ನು ಕೇಳಿ. ಮೊದಲ ಕೀಮೋ ಕೆಲಸ ಮಾಡದಿದ್ದರೆ, ಗೆಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ರಾಮುಸಿರುಮಾಬ್ ಎಂಬ ಔಷಧಿ ಇದೆ.