ಹಾಲಿನಂಥ ಬಿಳುಪಿಗೆ ಮರುಳಾಗಬೇಡಿ

ಪ್ರಶ್ನೆ: ಬೆಳಗಾವಿಯಲ್ಲಿ ವಹಿ (ನೋಟ್‌ಬುಕ್) ಮಾಡೋ ಸಣ್ಣ ಘಟಕ ನಂದು. ಶಾಲೆಯೊಂದರ ಆರ್ಡರಿಗೆ ಮರುಬಳಕೆ ಕಾಗದದ ಎರಡು ಮಾದರಿ ತರಿಸೀನಿ. ಎರಡೂ 60 ಜಿಎಸ್‌ಎಂ (ಚದರ ಮೀಟರಿಗೆ 60 ಗ್ರಾಂ ತೂಕ) ಅಂತಾರ. ಒಂದು ಹಾಲಿನಂಗ ಬಿಳಿ, ಇನ್ನೊಂದು ಮಾಸಲು. ಬಿಳೀದೇ ಚಲೋ ಅಂತಾರ ಡೀಲರು. ಖರೇನಾ ಸರ್?

ಉತ್ತರ: ಖರೇ ಅಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಮಾರುವವರು ಬಿಳುಪನ್ನೇ ಮುಂದಿಟ್ಟು ಮಾರುತ್ತಾರೆ, ಕೊಳ್ಳುವವರು ಮಡಚಿಯೂ ನೋಡುವುದಿಲ್ಲ. ಆ ಹಾಲಿನ ಬಿಳುಪು ಬಹುಮಟ್ಟಿಗೆ ಹೊಳಪು ಕೊಡುವ ರಾಸಾಯನಿಕದ್ದು. ಅದು ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಬಿಡುತ್ತದೆ. ಕತ್ತಲಲ್ಲಿ, ಖೋಟಾ ನೋಟು ನೋಡುವ ದೀಪದ ಕೆಳಗೆ ಹಿಡಿಯಿರಿ. ಇಡೀ ಹಾಳೆ ನೀಲಿಯಾಗಿ ಹೊಳೆದರೆ ರಾಸಾಯನಿಕ ಬಿದ್ದಿದೆ. ಅಲ್ಲೊಂದು ಇಲ್ಲೊಂದು ಎಳೆ ಮಿಂಚಿದರೆ ಅದು ಹಳೆಯ ಬಿಳಿ ರದ್ದಿಯ ನಾರು. ಎರಡರಿಂದಲೂ ಗಟ್ಟಿತನ ತಿಳಿಯದು.

ಗಟ್ಟಿತನ ಇರುವುದು ನಾರಿನಲ್ಲಿ. ಪ್ರತಿ ಸಲ ಅರೆದು ಒಣಗಿಸಿದಾಗ ನಾರು ಗಿಡ್ಡವಾಗುತ್ತದೆ, ಬಿರುಸಾಗುತ್ತದೆ, ನೀರಲ್ಲಿ ಮೊದಲಿನಷ್ಟು ಉಬ್ಬುವುದಿಲ್ಲ. ಹಾಗಾಗಿ ಪಕ್ಕದ ನಾರನ್ನು ಬಿಗಿಯಾಗಿ ಹಿಡಿಯದು. ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ಮಡಚುತ್ತ ಎಷ್ಟಕ್ಕೆ ಹರಿಯುತ್ತದೆ ಎಣಿಸಿ. ಉದ್ದಕ್ಕೆ ಬೇರೆ, ಅಡ್ಡಕ್ಕೆ ಬೇರೆ ಎಣಿಸಿ. ಹೊಲಿಗೆಯ ಬಳಿ ಹಾಳೆ ಕಿತ್ತುಬಂದ ವಹಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ, ಹೆಚ್ಚಿನವು ಬೆಳ್ಳಗೇ ಇದ್ದವು. ಹಾಳೆಯ ಒಂದು ಮಗ್ಗುಲಿಗೆ ನೀರು ಸವರಿದರೆ ಅದು ಕೊಳವೆಯಂತೆ ಸುರುಳುತ್ತದೆ. ಕೊಳವೆಯ ಉದ್ದವೇ ನಾರಿನ ದಿಕ್ಕು. ಅದು ಹೊಲಿಗೆಗೆ ಸಮಾನಾಂತರವಾಗಿರಬೇಕು.

60 ಜಿಎಸ್‌ಎಂ ಎಂಬ ಮಾತನ್ನು ತೂಗದೆ ನಂಬಬೇಡಿ. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಬಂಗಾರದಂಗಡಿಯ ತಕ್ಕಡಿಯಲ್ಲಿ ಅವು ಎಷ್ಟು ಗ್ರಾಂ ತೂಗುತ್ತವೋ ಅಷ್ಟೇ ಜಿಎಸ್‌ಎಂ. ಆದರೆ ಎರಡೂ ಮಾದರಿಯನ್ನು ಹಿಂದಿನ ರಾತ್ರಿಯೇ ಬಿಚ್ಚಿ ಒಂದೇ ಕೋಣೆಯಲ್ಲಿಡಿ. ಬೆಳಗಾವಿಯ ಮಳೆಗಾಲದಲ್ಲಿ ಬಿಚ್ಚಿದ ರೀಮು (ಹಾಳೆಗಳ ಕಟ್ಟು) ತೇವ ಹೀರಿ ಭಾರವಾಗುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಅದೇ ರೀಮು ಒಣಗಿ ಅಂಚು ಮುರುಟುತ್ತದೆ. ಪ್ರಯೋಗಾಲಯದವರು 23 ಡಿಗ್ರಿ ಸೆಲ್ಸಿಯಸ್, ಶೇ 50 ತೇವದ ಕೋಣೆಯಲ್ಲಿ ಕಾಗದವನ್ನು ಹದಕ್ಕೆ ತಂದು ಅಳೆಯುವುದು ಅದಕ್ಕೇ.

ಇನ್ನು ಕಣ್ಣಿನ ಕೆಲಸ. ಟ್ಯೂಬ್‌ಲೈಟ್ ಬಿಟ್ಟು ಹಗಲಲ್ಲಿ ಕಿಟಕಿಗೆ ಹಿಡಿಯಿರಿ. ಮೋಡ ಕವಿದಂತೆ ದಪ್ಪ ತೆಳು ಕಂಡರೆ ನಾರಿನ ಹರಡಿಕೆ ಸಮ ಇಲ್ಲ. ಸಣ್ಣ ಕಪ್ಪು ಚುಕ್ಕೆ ಹಳೆಯ ಶಾಯಿಯದು. ನೋಟಕ್ಕೆ ಅಂದಗೇಡು ಅಷ್ಟೇ, ಅದಕ್ಕಾಗಿ ಸರಕು ಹಿಂತಿರುಗಿಸಬೇಡಿ. ಎಣ್ಣೆ ಬಿದ್ದಂತೆ ಮಿಂಚುವ ಅರೆಪಾರದರ್ಶಕ ಚುಕ್ಕೆ ಮಾತ್ರ ಅಂಟಿನದ್ದು, ಹಳೆಯ ಪುಸ್ತಕದ ಬೆನ್ನಿಂದ, ಟೇಪಿನಿಂದ ಬಂದದ್ದು. ಅದು ಹಾಳೆಗೆ ಹಾಳೆ ಮೆತ್ತಿಸುತ್ತದೆ, ಮುದ್ರಣಯಂತ್ರವನ್ನೂ ಕೆಡಿಸುತ್ತದೆ. ನಾನಾದರೆ ಅಂಥ ಲಾಟು ಮುಟ್ಟುವುದಿಲ್ಲ. ಕರೀ ಬಟ್ಟೆಯಿಂದ ಒಮ್ಮೆ ಉಜ್ಜಿ. ಬಿಳಿ ಪುಡಿ ಹತ್ತಿದರೆ ಅದೂ ಬೇಡ.

ಇಷ್ಟನ್ನೂ ಡೀಲರು ಕೈಗಿತ್ತ ಒಂದು ಹಾಳೆಯ ಮೇಲೆ ಮಾಡಿ ಸುಮ್ಮನಾಗಬೇಡಿ. ಬೇರೆ ಬೇರೆ ಬಂಡಲು ಒಡೆಸಿ, ರೀಮಿನ ನಡುವಿನಿಂದ ನೀವೇ ಎಳೆದುಕೊಳ್ಳಿ. ಒಡೆಯಲು ಒಪ್ಪದವರ ಬಳಿ ಕೊಳ್ಳಲೇಬೇಡಿ. ಮಾಸಲು ಹಾಳೆ ಇಷ್ಟರಲ್ಲೂ ಗೆದ್ದರೆ ಧೈರ್ಯವಾಗಿ ಅದನ್ನೇ ತಗೊಳ್ಳಿ.

ಪ್ರಶ್ನೆ: ಸುಟ್ಟಾಗ ಬೂದಿ ಬಿಳಿಯಾದರೆ ಹೊಸ ಕಾಗದವಂತೆ? (ಬಾಗಲಕೋಟೆ)

ಉತ್ತರ: ಶುದ್ಧ ಸುಳ್ಳು. ಬೂದಿಯಲ್ಲಿ ಉಳಿಯುವುದು ಕಾಗದಕ್ಕೆ ತುಂಬಿದ ಸುಣ್ಣದ ಪುಡಿ, ಜೇಡಿ. ಹೊಸ ಕಾಗದದಲ್ಲೂ ಅವಿರುತ್ತವೆ. ಹೀಗೆ ಕಡ್ಡಿ ಗೀರಿ ತೋರಿಸುವ ದಲ್ಲಾಳಿಯನ್ನು ದೂರ ಇಡಿ.

ಪ್ರಶ್ನೆ: ಶಾಯಿ ಹರಡುತ್ತದೆಯೇ ಎಂದು ತಿಳಿಯಲು ಮೂಲೆ ನೆಕ್ಕಿ ನೋಡಬೇಕೇ? (ಜಮಖಂಡಿ)

ಉತ್ತರ: ರದ್ದಿಯಿಂದ ಬಂದದ್ದನ್ನು ನಾಲಿಗೆಗೆ ಮುಟ್ಟಿಸಬೇಡಿ. ಶಾಯಿಪೆನ್ನಿಂದ ಒಂದು ಗೆರೆ ಎಳೆಯಿರಿ, ಹಿಂಬದಿ ನೋಡಿ.

ಪ್ರಶ್ನೆ: ಹಳೇ ಪೇಪರಿನಲ್ಲಿ ಮಿರ್ಚಿ ಭಜಿ ಕಟ್ಟಬಹುದೇ? (ವಿಜಯಪುರ)

ಉತ್ತರ: ಇಲ್ಲ. ಶಾಯಿ ಬಿಸಿ ಎಣ್ಣೆಗೆ ಹತ್ತುತ್ತದೆ. 2018ರ ಆಹಾರ ಪ್ಯಾಕೇಜಿಂಗ್ ನಿಯಮದಲ್ಲೂ ಅದಕ್ಕೆ ನಿಷೇಧವಿದೆ.