ಸಂಬಳ ಏರಿದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ತಪ್ಪುತ್ತದೆ, ಏರಿಕೆಯೇ ಬೇಡ ಎಂದುಬಿಡಲೇ?

ಬೇಡ ಎನ್ನಬೇಡಿ. ಏಪ್ರಿಲ್ ಬದಲು ಮೇ ತಿಂಗಳಿನಿಂದ ಕೊಡಿ ಎಂದು ಕೇಳಿ.

ಈಗ 20,400 ರೂಪಾಯಿ ಇರುವ ಸಂಬಳ ಏಪ್ರಿಲ್‌ನಲ್ಲಿ 21,600 ಆಗುತ್ತದೆ, ತಾಯಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಬಾಕಿ ಇದೆ ಎಂದು ಬರೆದಿದ್ದೀರಿ. ನಾನು ದಾವಣಗೆರೆಯಲ್ಲಿ ಸಣ್ಣಪುಟ್ಟ ಘಟಕಗಳ ಪಿಎಫ್, ಇಎಸ್‌ಐ ಲೆಕ್ಕ ಬರೆಯುವವನು. ಈ ಪ್ರಶ್ನೆ ನನಗೆ ಹೊಸದಲ್ಲ. ಇಎಸ್‌ಐಗೆ ಸಂಬಳ ತಿಂಗಳಿಗೆ 21,000 ರೂಪಾಯಿ ದಾಟಬಾರದು ಎಂಬ ಮಿತಿ 2017ರಲ್ಲಿ ಬಂದದ್ದು. ಸಂಬಳದಿಂದ ಅದಕ್ಕೆ ಕಟ್ಟುವ ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ಮೊದಲ ದಿನವೇ ಸಂಬಳ ಮಿತಿ ದಾಟಿದ್ದರೆ ನೀವು ಹೊರಗೆ. ನಡುವೆ ದಾಟಿದರೆ ಆ ಅವಧಿ ಮುಗಿಯುವವರೆಗೂ ಒಳಗೇ ಇರುತ್ತೀರಿ. ಮೇ ತಿಂಗಳಿನಿಂದ ಏರಿಕೆಯಾದರೆ ಸೆಪ್ಟೆಂಬರ್‌ವರೆಗೆ ವಂತಿಗೆ ಕಟ್ಟುತ್ತೀರಿ, ಅದರ ಸೌಲಭ್ಯ ಮುಂದಿನ ಜೂನ್ 30ರವರೆಗೆ ಸಿಗುತ್ತದೆ. ಏಪ್ರಿಲ್‌ನಿಂದಲೇ ಏರಿದರೆ ಮಾರ್ಚ್‌ವರೆಗೆ ಕಟ್ಟಿದ್ದರ ಸೌಲಭ್ಯ ಡಿಸೆಂಬರ್‌ಗೆ ಮುಗಿಯಿತು. ಬಿಟ್ಟುಕೊಡುವುದು 1,200 ರೂಪಾಯಿ, ಸಿಗುವುದು ಆರು ತಿಂಗಳು. ಶಸ್ತ್ರಚಿಕಿತ್ಸೆಯನ್ನು ಮಾತ್ರ ಜೂನ್‌ವರೆಗೆ ಎಳೆಯದೆ ವಂತಿಗೆ ಕಟ್ಟುತ್ತಿರುವಾಗಲೇ ಮಾಡಿಸಿ.

ಆಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಚಿಕಿತ್ಸಾ ಯೋಜನೆ. ಬಿಪಿಎಲ್ ಕುಟುಂಬಕ್ಕೆ ಅದರಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ಬಿಪಿಎಲ್‌ನ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ; ನಿಮ್ಮದು ಎರಡೂವರೆ ಲಕ್ಷ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ) ಶೇ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಅಲ್ಲಿಂದ ಶಿಫಾರಸು ಇಲ್ಲದೆ ಖಾಸಗಿ ಆಸ್ಪತ್ರೆಯಲ್ಲಿ ಈ ಕಾರ್ಡ್ ನಡೆಯುವುದಿಲ್ಲ. ತೀರಾ ಬಡವರೂ ಅಲ್ಲ, ಆಸ್ಪತ್ರೆಯ ಬಿಲ್ ತಾಳುವವರೂ ಅಲ್ಲ. ಪೆಟ್ಟು ಬೀಳುವುದು ನಿಮ್ಮಂಥವರಿಗೇ.

ಇಂಥ ಯೋಜನೆಗಳಿಂದ ಉದ್ಯೋಗ ಕಡಿಮೆಯಾಗುತ್ತದೆಯೇ ಎಂದೂ ಕೇಳಿದ್ದೀರಿ. ಹಣದ ಹೊರೆಯಿಂದ ಅಲ್ಲ ಎನ್ನುತ್ತೇನೆ. ಹದಿನೈದು ಸಾವಿರ ಸಂಬಳಕ್ಕೆ ಇಎಸ್‌ಐನಲ್ಲಿ ಮಾಲೀಕರ ಪಾಲು ತಿಂಗಳಿಗೆ 488 ರೂಪಾಯಿ, ಅಷ್ಟೇ. 2019ರಲ್ಲಿ ಒಟ್ಟು ವಂತಿಗೆ ಶೇ 6.5ರಿಂದ 4ಕ್ಕೆ ಇಳಿಯಿತು. ಆದರೂ ನಾನು ನೋಡುವ ಕೆಲವು ಹಾಜರಿ ಪುಸ್ತಕಗಳಲ್ಲಿ ಹೆಸರುಗಳು ಒಂಬತ್ತಕ್ಕೇ ನಿಲ್ಲುತ್ತವೆ, ಯಾಕೆಂದರೆ ಹತ್ತಾದರೆ ಕಾಯ್ದೆ ಅನ್ವಯ. ಹತ್ತನೆಯವನು ಒಳಗೆ ಮೂಟೆ ಹೊರುತ್ತಲೇ ಇರುತ್ತಾನೆ. ಅವನ ಕೂಲಿ ಬೇರೆ ಚೀಟಿಯಲ್ಲಿ. ಮಾಲೀಕರಿಗೆ ಭಯ ದುಡ್ಡಿನದ್ದಲ್ಲ, ಒಮ್ಮೆ ಒಳಗೆ ಬಂದರೆ ಬರುವ ತಪಾಸಣೆಯದ್ದು.

ಮಂಡಕ್ಕಿ ಭಟ್ಟಿಗಳಲ್ಲಿ ಆ ಹತ್ತೂ ಇರುವುದಿಲ್ಲ, ಮನೆಮಂದಿಯೇ ಕೆಲಸಗಾರರು. ಉಸಿರುಕಟ್ಟಿ ಒಳರೋಗಿಯಾಗಿ ಸೇರಿದರೆ ಆಯುಷ್ಮಾನ್ ಕಾರ್ಡ್ ಬಿಲ್ ಕಟ್ಟೀತು. ದಿನವೂ ಕೆಮ್ಮುತ್ತಾ ಕೊಳ್ಳುವ ಔಷಧಿಗೆ ಇಲ್ಲ, ಮಲಗಿದ ದಿನಗಳ ಕೂಲಿಗೂ ಇಲ್ಲ. ಇಎಸ್‌ಐ ಅದೇ ಕಾಯಿಲೆಗೆ ಕೂಲಿಯ ಶೇ 70ರಷ್ಟನ್ನು ವರ್ಷಕ್ಕೆ 91 ದಿನದವರೆಗೆ ಕೊಡುತ್ತದೆ. ಹೊಸ ಕಾರ್ಡ್‌ಗಳ ಅಬ್ಬರದಲ್ಲಿ 1948ರ ಕಾಯ್ದೆಯಿಂದ ಬಂದ ಈ ಹಳೆಯ ಯೋಜನೆಯನ್ನು ಯಾರೂ ನೆನೆಯುವುದಿಲ್ಲ.

ನಿಮ್ಮ ವಿಷಯಕ್ಕೆ ಇನ್ನೊಂದು. ಓವರ್‌ಟೈಮ್ ಹಣ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. 21,600ರಲ್ಲಿ ಓವರ್‌ಟೈಮ್ ಎಷ್ಟು ಎಂದು ಸಂಬಳದ ಚೀಟಿಯಲ್ಲಿ ಮೊದಲು ನೋಡಿಕೊಳ್ಳಿ. ಅದನ್ನು ಕಳೆದ ಮೇಲೆ 21,000ದೊಳಗೇ ಇದ್ದರೆ ಏಪ್ರಿಲ್‌ನಿಂದಲೇ ತೆಗೆದುಕೊಳ್ಳಿ.