ಬಸಿರಿನ 12ನೇ ವಾರದಲ್ಲಿ ಪಿಎಲ್‌ಜಿಎಫ್ ಕಡಿಮೆ ಬಂದರೆ ಹೆದರಬೇಕಾ?

ಡಬಲ್ ಮಾರ್ಕರ್ (ಮಗುವಿಗೆ ಕ್ರೋಮೋಸೋಮ್ ತೊಂದರೆಯ ರಿಸ್ಕ್ ನೋಡುವ ರಕ್ತಪರೀಕ್ಷೆ) ಜೊತೆ ಮಾಡಿಸಿದ ಪಿಎಲ್‌ಜಿಎಫ್ 0.5 ಎಂಒಎಂ ಬಂದಿದೆ, ಹೆಂಡತಿಯ ಬಿಪಿ ಮಾತ್ರ ನಾರ್ಮಲ್, ಏನರ್ಥ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ರಾಜಾಜಿನಗರದ ಒಂದು ಲ್ಯಾಬಿನಲ್ಲಿ ಇಂಥ ಸ್ಯಾಂಪಲ್‌ಗಳನ್ನು ಮೆಷಿನ್ನಿಗೆ ಹಾಕುವವಳು. ಜೊತೆಗೆ, ನನ್ನ ಮೊದಲ ಬಸಿರಿನಲ್ಲಿ ಪ್ರಿ-ಎಕ್ಲಾಂಪ್ಸಿಯಾ (ಬಿಪಿ ಏರಿ ಕಿಡ್ನಿಯಂಥ ಅಂಗಗಳಿಗೂ ಪೆಟ್ಟು ಬೀಳಬಹುದಾದ ಬಸಿರಿನ ಕಾಯಿಲೆ) ಆಗಿ 34ನೇ ವಾರಕ್ಕೇ ಹೆರಿಗೆ ಮಾಡಿಸಬೇಕಾಯಿತು. ಕಾಲುಂಗುರ ತೆಗೆಯಲು ಬಾರದಷ್ಟು ಕಾಲು ಊದಿತ್ತು. ದಿನವಿಡೀ ನಿಂತು ಕೆಲಸ ಮಾಡ್ತೀಯಲ್ಲ, ಅದಕ್ಕೇ ಅಂದರು ಅಮ್ಮ. ನಾನೂ ನಂಬಿದೆ!

0.5 ಅಂದರೆ ಅಷ್ಟೇ ವಾರದ ಬಸುರಿಯರಲ್ಲಿ ಇರುವ ನಡುಮಟ್ಟದ ಅರ್ಧ. ಪಿಎಲ್‌ಜಿಎಫ್ ರಕ್ತನಾಳ ಬೆಳೆಸುವ ಪ್ರೋಟೀನ್, ಮಾಸಿನಲ್ಲಿ ತಯಾರಾಗುತ್ತದೆ. ಗರ್ಭಕೋಶದ ರಕ್ತನಾಳಗಳು ಸರಿಯಾಗಿ ಅಗಲವಾಗದೆ ಮಾಸಿಗೆ ರಕ್ತ ಸಾಲದಿದ್ದರೆ ಇದು ಇಳಿಯುತ್ತದೆ. ಮುಂದೆ ಎಸ್‌ಫ್ಲಿಟ್-1 ಅನ್ನುವ ಇನ್ನೊಂದು ಪ್ರೋಟೀನ್ ಜಾಸ್ತಿಯಾಗಿ, ಇರುವ ಪಿಎಲ್‌ಜಿಎಫ್ ಅನ್ನೂ ಹಿಡಿದು ಕಟ್ಟಿಹಾಕುತ್ತದೆ. ಪ್ರಿ-ಎಕ್ಲಾಂಪ್ಸಿಯಾಕ್ಕೆ ಇದೇ ದಾರಿ. ಅದರಲ್ಲಿ ಬಿಪಿ ಏರುವುದು ಸಾಮಾನ್ಯವಾಗಿ 20 ವಾರ ದಾಟಿದ ಮೇಲೆ. ಹಾಗಾಗಿ ಇವತ್ತಿನ ನಾರ್ಮಲ್ ಬಿಪಿಯಿಂದ ಏನೂ ತೀರ್ಮಾನ ಆಗುವುದಿಲ್ಲ. ಹಾಗೆಯೇ ಈ 0.5 ಒಂದರಿಂದಲೂ ಆಗುವುದಿಲ್ಲ. ಎರಡೂ ತೋಳಿನ ಬಿಪಿ, ಗರ್ಭಕೋಶದ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್), ವಯಸ್ಸು, ತೂಕ, ಹಿಂದಿನ ಹೆರಿಗೆ ಎಲ್ಲ ಸೇರಿಸಿ ನೂರರಲ್ಲಿ ಒಂದು, ಸಾವಿರದಲ್ಲಿ ಒಂದು ಅಂತ ರಿಸ್ಕ್ ಲೆಕ್ಕ ಹಾಕುತ್ತಾರೆ. ರಿಪೋರ್ಟಿನಲ್ಲಿ ನೀವು ಹುಡುಕಬೇಕಾದ್ದು ಆ ಸಾಲು. ಅದಿಲ್ಲದೆ ಬರೀ ಪಿಎಲ್‌ಜಿಎಫ್ ಕೊಟ್ಟಿದ್ದರೆ ಅರ್ಧ ಕೆಲಸ ಆದಂತೆ, ಅಷ್ಟೇ.

ಇಷ್ಟು ಬೇಗ ಯಾಕೆ ನೋಡಬೇಕು ಅಂದರೆ, ಮಾತ್ರೆ ಇದೆ. 2017ರ ಆಸ್ಪ್ರೆ ಪ್ರಯೋಗದಲ್ಲಿ ಹೀಗೆ ರಿಸ್ಕ್ ಜಾಸ್ತಿ ಬಂದವರಿಗೆ 11ರಿಂದ 14ನೇ ವಾರದೊಳಗೆ ಶುರು ಮಾಡಿ 36ನೇ ವಾರದವರೆಗೆ ರಾತ್ರಿ 150 ಮಿ.ಗ್ರಾಂ ಆಸ್ಪಿರಿನ್ ಕೊಟ್ಟರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರಿ-ಎಕ್ಲಾಂಪ್ಸಿಯಾ ಔಷಧಿಯೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 4.3%, ಆಸ್ಪಿರಿನ್ ತೆಗೆದುಕೊಂಡವರಲ್ಲಿ 1.6%. ಹಾಗಂತ ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ, ಎಲ್ಲರಿಗೂ ಅದು ಆಗಿಬರುವುದಿಲ್ಲ.

ಮುಂದೆ ಅನುಮಾನ ಬಂದರೆ ಎಸ್‌ಫ್ಲಿಟ್-1 ಮತ್ತು ಪಿಎಲ್‌ಜಿಎಫ್ ಅನುಪಾತ ಮಾಡಿಸಬಹುದು. 38 ಅಥವಾ ಕಡಿಮೆ ಬಂದರೆ ಮುಂದಿನ ಒಂದು ವಾರ ಬಹುತೇಕ ನಿಶ್ಚಿಂತೆ. ಮೇಲೆ ಹೋದರೆ ಕಾಯಿಲೆ ಬಂದೇ ಬಿಟ್ಟಿತು ಅಂತಲ್ಲ, ಇಲ್ಲೇ ಜನ ಗಾಬರಿಯಾಗುವುದು.

ಆಸ್ಪಿರಿನ್ ಕೊಡುವುದಾದರೆ 16 ವಾರದೊಳಗೆ ಶುರುವಾಗಬೇಕು. ಮುಂದಿನ ತಿಂಗಳ ಚೆಕಪ್‌ವರೆಗೆ ಕಾಯಬೇಡಿ. ಇದೇ ವಾರ ಪೂರ್ತಿ ರಿಪೋರ್ಟ್, ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂಭಾಗ ಅಳೆಯುವ ಸ್ಕ್ಯಾನ್), ತಾಯಿ ಕಾರ್ಡ್ ಹಿಡಿದು ಡಾಕ್ಟರ ಹತ್ತಿರ ಹೋಗಿ.